ಮೊಣಕೈ ನೋಡಿ

ಪ್ರೀತಿಯ ಅಕ್ಕ,

ಭಾನುವಾರ ನಾನು ಸಭಾಂಗಣದಿಂದ ನೇರ ನನ್ನೂರಿನ ಬಸ್ ಹತ್ತಿಬಿಟ್ಟೆ. ನಿನಗೆ ಕೇಳಿಸದೇ ಹೋದದ್ದನ್ನೆಲ್ಲ ಬರೆದು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಉಳಿಯಿತು.

ಆ ಜ್ವರ ನಿನ್ನ ಕಿವಿಯನ್ನೂ ಟೆಲಿಫೋನ್ ಆಫೀಸಿನ ಕೆಲಸವನ್ನೂ ಒಟ್ಟಿಗೆ ಕಿತ್ತುಕೊಂಡಿತ್ತು. ನೆಂಟರ ಬಾಯಿ ನೋಡಿ ಮಾತು ಊಹಿಸುವುದು ಸಾಕಾಗಿ ನೀನು ಕೋಣೆ ಸೇರಿದ್ದೆ. ಆಗಲೇ ನಾನು ಗುಜರಿ ಅಂಗಡಿಯಿಂದ ಆ ತುಕ್ಕು ಹಿಡಿದ ಡಬ್ಬಿ ತಂದದ್ದು. ಒಳಗಿದ್ದದ್ದು ಪುಟ್ಟ ಮೂಕಿ ಚಿತ್ರ. ಗಂಡ ಹೆಂಡತಿ ಸೇರಿ ಮನೆಗೆ ಹೊಸ ಬಾಗಿಲು ಕೂರಿಸುವ ಪಡಿಪಾಟಲು. ನಟರ ಹೆಸರು ಯಾರಿಗೂ ಗೊತ್ತಿಲ್ಲ. ಕೊನೆಗೆ ಬಾಗಿಲು ಭದ್ರವಾಗಿ ಕೂತಿತು, ಇಬ್ಬರೂ ಹೊರಗೆ ಉಳಿದರು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇನ್ನೊಂದು ಸಲ ಹಾಕೋ" ಅಂದೆ.

ಅಲ್ಲಿಂದ ನನಗೆ ಇಂಥ ಹಳೆಯ ಮೂಕಿ ಚಿತ್ರಗಳನ್ನು ಹುಡುಕಿ ತರುವ ಹುಚ್ಚು ಹಿಡಿಯಿತು. ಹೆಸರಾಂತ ನಟರನ್ನು ಬಿಟ್ಟು ಈ ಅನಾಮಧೇಯರ ಹಿಂದೆ ಬಿದ್ದದ್ದೇಕೆ ಎಂದು ಚಿತ್ರಸಂಘದಲ್ಲಿದ್ದ ದಂತವೈದ್ಯರು ಕೇಳುತ್ತಲೇ ಇದ್ದರು. ಹೆಸರಾದವರನ್ನು ನೋಡಿಕೊಳ್ಳಲು ಜನರಿದ್ದಾರೆ, ಇವರಿಗೆ ನಾವಿಬ್ಬರೇ ದಿಕ್ಕು ಎನ್ನುತ್ತಿದ್ದೆ. ಆ ಸಂಘವೇ ನಮ್ಮ ಚಿತ್ರಗಳನ್ನು ತೋರಿಸಲು ಕರೆದಾಗ, ಮೊದಲು ನೀನು ಮಾತಾಡಬೇಕು ಎಂದು ನಾನು ಹೇಳಿದೆ. ನಿನ್ನ ದನಿಯ ಏರಿಳಿತ ನಿನಗೇ ತಿಳಿಯುವುದಿಲ್ಲ, ಜನ ನಗುತ್ತಾರೆ ಎಂದು ನೀನು ಹಟ ಹಿಡಿದೆ. "ನಗಲಿ ಬಿಡಕ್ಕ, ಅವರು ಬರೋದೇ ನಗೋಕೆ" ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ನೀನು ದುರುಗುಟ್ಟಿ ನೋಡಿ, ತಲೆ ಬಾಚಿಕೊಳ್ಳಲು ಎದ್ದು ಹೋದೆ.

ಭಾನುವಾರ ವೇದಿಕೆಯ ಮೇಲೆ ನಿನ್ನ ದನಿ ಏರಿದ್ದು ನಿಜ. ಅದಕ್ಕೇ ಕೊನೆಯ ಸಾಲಿಗೂ ಕೇಳಿಸಿತು. "ಎಲ್ರೂ ಗಂಡನ್ನೇ ನೋಡ್ತೀರಿ. ಹೆಂಡತಿ ಮೊಣಕೈ ನೋಡಿ. ಅದು ಅಲ್ಲಾಡಿದ ಮೇಲೇನೇ ಅವನು ಬೀಳೋದು. ಈ ಸಿನಿಮಾ ನಡೆಸ್ತಿರೋದು ಅವಳು."

ಯಾರೂ ನಗಲಿಲ್ಲ, ಅಕ್ಕ. ಚಿತ್ರ ಶುರುವಾದಾಗ ಮುಂದಿನ ಸಾಲಿನಲ್ಲೊಬ್ಬಳು ಕಿಸಕ್ಕೆಂದಳು. ಆಮೇಲೆ ಗಂಡ ಬೀಳುವುದಕ್ಕೂ ಮುಂಚೆ, ಮೊಣಕೈ ಅಲ್ಲಾಡಿದ ಕೂಡಲೇ, ಇಡೀ ಸಭಾಂಗಣ ಗೊಳ್ಳೆಂದಿತು. ದಂತವೈದ್ಯರ ನಗು ಕೆಮ್ಮಿಗೆ ತಿರುಗಿ ಅವರ ಹೆಂಡತಿ ಬೆನ್ನು ಗುದ್ದಬೇಕಾಯಿತು. ನೀನು ತೆರೆಗೆ ಬೆನ್ನು ಹಾಕಿ ಜನರ ಮುಖಗಳನ್ನೇ ನೋಡುತ್ತಿದ್ದೆ. ಆ ಸದ್ದು ಎಷ್ಟಿತ್ತೆಂದರೆ, ಪಕ್ಕದಲ್ಲೇ ಇದ್ದ ಪ್ರೊಜೆಕ್ಟರಿನ ಗರಗರ ನನಗೇ ಕೇಳಿಸಲಿಲ್ಲ.

ಹೊರಡುವಾಗ ಸಭಾಂಗಣದ ಮ್ಯಾನೇಜರು ನನ್ನನ್ನು ತಡೆದು, "ಮುಂದಿನ ತಿಂಗಳೂ ನಿಮ್ಮಕ್ಕನೇ ಮಾತಾಡ್ತಾರಲ್ವಾ?" ಎಂದರು. ನಿನ್ನನ್ನು ಕೇಳದೆ ಹೂಂ ಅಂದುಬಿಟ್ಟಿದ್ದೇನೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈ.

ನೂರು ಕಾಲ ನಗುತ್ತಿರು.

ನಿನ್ನ ತಮ್ಮ