ಪೊಟ್ಯಾಷಿಯಂ ಯಾವ ವಿಭಾಗಕ್ಕೆ ಸೇರಿದ್ದು?

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಅಕ್ಕನ ಕಾಲಿನ ನೀರು ಇಳಿಸುವ ಭರದಲ್ಲಿ ನಿಮ್ಮ ಆಸ್ಪತ್ರೆ ಅವಳ ಎದೆಬಡಿತವನ್ನೇ ನಿಲ್ಲಿಸಲು ಹೊರಟಿತ್ತು. ದೂರು ಕೊಟ್ಟರೆ, 'ಯಾವ ಅಂಗಕ್ಕೆ ಸಂಬಂಧಿಸಿದ್ದೆಂದು ನಮೂದಿಸಿ' ಎಂದು ನಿಮ್ಮ ಕಚೇರಿ ಅದನ್ನು ಹಿಂದಿರುಗಿಸಿದೆ. ದೂರಿನ ಅರ್ಜಿಯ ಆ ಪುಟ್ಟ ಕಾಲಂನಲ್ಲಿ ಜಾಗ ಸಾಲದ್ದರಿಂದ ಊರೆಲ್ಲ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ದರ್ಜಿ. ಅಂಗಡಿಯಲ್ಲಿ ಕಾಜ, ಗುಂಡಿಯ ಕೆಲಸವೆಲ್ಲ ಅಕ್ಕನದು. ಕಳೆದ ವರ್ಷ ಅವಳ ಕಾಲು ಊದಿ ಚಪ್ಪಲಿ ಹಿಡಿಯದಾದಾಗ ನಿಮ್ಮ ಹೃದಯ ವಿಭಾಗದವರು ಮೂತ್ರ ಹೆಚ್ಚಿಸುವ ಮಾತ್ರೆ ಬರೆದರು. ಸುಳ್ಳು ಹೇಳಬಾರದು, ಹತ್ತೇ ದಿನಕ್ಕೆ ಊತ ಇಳಿಯಿತು. ಆಮೇಲೆ ಶುರುವಾಯಿತು ನೋಡಿ, ನಿಮ್ಮ ರಬ್ಬರ್ ಮೊಹರಿನ ಚಿಕಿತ್ಸೆ! ಏಳು ತಿಂಗಳು ಚೀಟಿಯ ಮೇಲೆ 'ಮೊದಲಿನಂತೆ' ಎಂಬ ಮೊಹರು ಬಿತ್ತೇ ಹೊರತು, ರೋಗಿ ಮೊದಲಿನಂತೆ ಇದ್ದಾಳೆಯೇ ಎಂದು ಒಬ್ಬರೂ ತಲೆಯೆತ್ತಿ ನೋಡಲಿಲ್ಲ.

ಅವಳ ಮೀನಖಂಡ ಸೆಟೆದುಕೊಳ್ಳತೊಡಗಿತು. ಸೂಜಿ ಬೆರಳಲ್ಲಿ ನಿಲ್ಲದಾಯಿತು. ಹೃದಯ ವಿಭಾಗದವರು ಕಾಲು ತಮ್ಮದಲ್ಲ ಎಂದರು. ಮೂಳೆ ವಿಭಾಗದವರು ಮುಲಾಮು ಕೊಟ್ಟು ಕೈತೊಳೆದುಕೊಂಡರು. ಮಾತ್ರೆಯ ಡಬ್ಬಿಯೊಳಗಿನ ಕಾಗದದಲ್ಲಿ 'ಆಗಾಗ ರಕ್ತದ ಲವಣಾಂಶ ಪರೀಕ್ಷಿಸಬೇಕು' ಎಂದಿತ್ತು. ಆ ಸಣ್ಣಕ್ಷರ ದರ್ಜಿಯ ಕಣ್ಣಿಗೆ ಬಿತ್ತು, ತಜ್ಞರ ಕಣ್ಣಿಗೆ ಬೀಳಲಿಲ್ಲ. ಅದನ್ನು ಹಿಡಿದು ಹೋದೆ.

"ಲವಣ ಗಿವಣ ಎಲ್ಲಾ ಕಿಡ್ನಿಯವರು ನೋಡ್ಕೋತಾರೆ, ಅಲ್ಲಿಗೆ ಹೋಗಿ" ಎಂದರು ಹೃದಯದವರು.

"ಇವ್ರ ಕಿಡ್ನಿ ಚೆನ್ನಾಗೇ ಇದೆಯಲ್ರೀ, ಇಲ್ಯಾಕೆ ಬಂದ್ರಿ? ಮಾತ್ರೆ ಕೊಟ್ಟೋರನ್ನೇ ಕೇಳಿ" ಎಂದರು ಕಿಡ್ನಿಯವರು.

ಆ ಲವಣಗಳಲ್ಲೊಂದಾದ ಪೊಟ್ಯಾಷಿಯಂ ಇಷ್ಟೊಂದು ಅನಾಥ ಎಂದು ನನಗೆ ಗೊತ್ತಿರಲಿಲ್ಲ, ಮಾನ್ಯರೇ. ಪಾಪ, ಅದು ಯಾರ ವರ್ಗಾವಣೆ ಆದೇಶಕ್ಕೂ ಕಾಯದೆ ಹೃದಯದಲ್ಲೂ ಕರುಳಲ್ಲೂ ಕಾಲಿನ ಸ್ನಾಯುವಿನಲ್ಲೂ ದುಡಿಯುತ್ತದೆಯಂತೆ. ಇದನ್ನು ನನಗೆ ಹೇಳಿದವರು ನಿಮ್ಮ ತುರ್ತು ವಿಭಾಗದ ವೈದ್ಯೆ. ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದ ಅಕ್ಕ ಮೇಜಿನ ಮೇಲೆಯೇ ಕುಸಿದ ದಿನ, ರಕ್ತದ ವರದಿ ಹಿಡಿದು ಆಕೆ ಹಣೆ ಚಚ್ಚಿಕೊಂಡರು.

"ಆ ಮಾತ್ರೆ ಬರೀ ನೀರನ್ನ ಹೊರಗೆ ಹಾಕಲ್ಲಣ್ಣ, ಜೊತೆಗೆ ಪೊಟ್ಯಾಷಿಯಂ, ಮೆಗ್ನೀಷಿಯಂ ಎಲ್ಲಾ ಎಳ್ಕೊಂಡು ಹೋಗುತ್ತೆ. ಅದು ಕಮ್ಮಿಯಾದ್ರೆ ಹೃದಯ ತಾಳ ತಪ್ಪುತ್ತೆ. ಇಷ್ಟು ದಿನ ಯಾರೂ ರಕ್ತ ನೋಡ್ಲೇ ಇಲ್ವಾ?"

ನೋಡಲಿಲ್ಲ. ಅವಳನ್ನು ಬದುಕಿಸಿದ ಆ ವೈದ್ಯೆಗೆ ಕೈಮುಗಿಯುತ್ತೇನೆ. ವಾರಕ್ಕೊಮ್ಮೆ ರಕ್ತ ನೋಡಬೇಕೆಂದು ಅವರು ಬರೆದುಕೊಟ್ಟರು. ಮನೆಗೆ ಕಳಿಸುವ ದಿನ ನಿಮ್ಮ ಕೌಂಟರಿನವರು ಅದರ ಮೇಲೂ ಮೊಹರು ಕುಟ್ಟಿದರು: 'ಮೊದಲಿನಂತೆ'. ಮತ್ತೆ ಅದೇ ಮಾತ್ರೆ, ರಕ್ತ ನೋಡುವವರಿಲ್ಲ.

ಈಗ ಅಕ್ಕ ಹೆದರಿ ಮಾತ್ರೆಯನ್ನೇ ಬಿಟ್ಟಿದ್ದಾಳೆ. ಊತ ಮೊಣಕಾಲಿಗೇರಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ನುಂಗು ಎಂದು ಗದರಲು ನನಗೆ ಬಾಯಿಲ್ಲ, ಬೇಡ ಎನ್ನಲು ಧೈರ್ಯವಿಲ್ಲ. ನನ್ನ ಬೇಡಿಕೆ ಇಷ್ಟೇ: ನಾಳೆ ಬೆಳಿಗ್ಗೆ ಅವಳನ್ನು ಕರೆತರುತ್ತೇನೆ, ಮೊದಲು ರಕ್ತ ತೆಗೆಯಿರಿ, ವರದಿ ನೋಡಿ ಮಾತ್ರೆ ಬರೆಯಿರಿ; ಇನ್ನು ಮುಂದೆ ಈ ಮಾತ್ರೆ ನುಂಗುವ ಪ್ರತಿಯೊಬ್ಬರಿಗೂ ಹಾಗೆಯೇ ಮಾಡಿ. ಈ ಪತ್ರ ಬರೆಯುವಾಗ ಪಕ್ಕದಲ್ಲೇ ಕುಳಿತಿದ್ದ ಅಕ್ಕ ತನ್ನದೂ ಒಂದು ಪ್ರಶ್ನೆ ಸೇರಿಸಲು ಹೇಳಿದಳು: "ಉಸಿರು ಕಟ್ಟಿ ಸಾಯ್ಲಾ, ಎದೆ ನಿಂತು ಸಾಯ್ಲಾ, ಯಾವ್ದಕ್ಕೆ ಅವರ ಹತ್ರ ಕಾಲಂ ಇದೆ ಅಂತ ಕೇಳೋ."

ಇಂತಿ,
ನಾಳೆ ನಿಮ್ಮ ಬಾಗಿಲಲ್ಲಿ ನಿಲ್ಲಲಿರುವ,
ಇರುವ ಒಬ್ಬಳೇ ಅಕ್ಕನ ತಮ್ಮ