ಎರಡನೇ ಬೆಳಗಿಗೆ ಮುಂಚೆ

ಫೆಬ್ರವರಿ ಮೂವತ್ತೊಂದು, ಇಳಿದ ಶಕೆ ಇನ್ನೂರ ಆರು
ಆರನೇ ಮಜಲು, ಮಧ್ಯಾಹ್ನ

ಇನ್ನೂ ಬಿಸಿಲು ಕಾಣುತ್ತಿರುವ ಹಿರಿಯರಿಗೆ ಹುಲಿಗೆಮ್ಮ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ಸೂರ್ಯನೇ ಕಾಣದ ಊರಲ್ಲಿ ತಿಂಗಳಿಗೆ ಎಷ್ಟು ದಿನವಾದರೇನು ಎಂದು ನಮ್ಮ ಸಭೆಯವರು ಎಲ್ಲ ತಿಂಗಳಿಗೂ ಮೂವತ್ತೊಂದನ್ನೇ ಹಂಚಿದ್ದಾರೆ. ಇಳಿದ ಶಕೆ ಎಂದರೆ, ಮೇಲಿನ ಬೇಗೆ ತಾಳಲಾರದೆ ನಮ್ಮವರು ರಾಯಚೂರು ಸೀಮೆಯ ಹಳೆಯ ಚಿನ್ನದ ಗಣಿಯೊಳಗೆ ಇಳಿದಂದಿನಿಂದ ಎಣಿಸುವ ವರ್ಷ. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ಆಳದಿಂದ ಯಾರಿಗೂ ಬರೆದು ನನಗೆ ರೂಢಿಯಿಲ್ಲ.

ಇದು ನನ್ನ ಹಿಂದೋಲೆ. ಹಿಂದಿನ ಕಾಲಕ್ಕೆ ಬರೆಯುವ ಪತ್ರವನ್ನು ಹಾಗೆನ್ನುತ್ತೇವೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ. ನಿಮ್ಮಿಂದ ಉತ್ತರ ಬರುವುದಿಲ್ಲ. ಆದರೆ ನಿಮ್ಮ ಫೋನುಗಳಲ್ಲಿ ನೀವು ತೆಗೆದ ಚಿತ್ರಗಳು ಅಷ್ಟಿಷ್ಟು ಉಳಿದು ನಮ್ಮ ಚಿತ್ರಶಾಲೆಯಲ್ಲಿವೆ, ಕೆಲವೊಮ್ಮೆ ಉತ್ತರ ಅಲ್ಲಿ ಸಿಗುತ್ತದೆ. ನನ್ನ ಅತ್ತೆ ಅಮರವ್ವ ತನ್ನ ಓಲೆಯನ್ನು ಗುರೆಳ್ಳು ಪುಡಿ ಕುಟ್ಟುವುದು ಹೇಗೆ ಎಂದು ಕೇಳುವುದಕ್ಕೆ ಖರ್ಚು ಮಾಡಿದಳು. ಊರೆಲ್ಲ ನಕ್ಕಿತು. ಮರುದಿನವೇ ಚಿತ್ರಶಾಲೆಯಲ್ಲಿ ಒಂದು ಚಲಿಸುವ ಚಿತ್ರ ಸಿಕ್ಕಿತು: ನಿಮ್ಮ ಕಾಲದ ಮುದುಕಿಯೊಬ್ಬಳು ಬಿಸಿಲಲ್ಲಿ ಕೂತು ಗುರೆಳ್ಳು ಕುಟ್ಟುತ್ತಿದ್ದಾಳೆ, ಯಾರಿಗೋ ಹೇಳಿಕೊಡುವಂತೆ ಮಧ್ಯೆ ಮಧ್ಯೆ ಕೈ ಎತ್ತಿ ತೋರಿಸುತ್ತಿದ್ದಾಳೆ. ಅದು ಮೊದಲೇ ಇತ್ತು ಎನ್ನುವವರಿದ್ದಾರೆ. ಇರಲಿಲ್ಲ ಎನ್ನುತ್ತಾಳೆ ಅಮರವ್ವ, ನಾನು ಅವಳನ್ನು ನಂಬುತ್ತೇನೆ.

ನಮ್ಮಲ್ಲಿ ಬೆಳಗಾಗುವುದಿಲ್ಲ, ಬೆಳಗು ಕೊಡುತ್ತಾರೆ. ಸುರಂಗದ ದೀಪಗಳೆಲ್ಲ ಒಟ್ಟಿಗೆ ಹೊತ್ತುತ್ತವೆ, ಗಂಟೆ ಬಡಿಯುತ್ತದೆ. ಮತ್ತೆ ಎಲ್ಲ ಆರುತ್ತದೆ. ಸ್ವಲ್ಪ ಹೊತ್ತಿಗೆ ಪುನಃ ದೀಪ, ಪುನಃ ಗಂಟೆ. ಹೀಗೆ ಮೂರು ಸಲ. ಇದು ನಿಮ್ಮಿಂದ ಬಂದ ಆಚಾರವೆಂದೇ ನಮ್ಮವರು ತಿಳಿದಿದ್ದಾರೆ. ನೀವು ಮಂಚದ ಪಕ್ಕ ಗಂಟೆ ಬಾರಿಸುವ ಯಂತ್ರವಿಟ್ಟು, ಅದು ಕೂಗಿದೊಡನೆ ಬಾಯಿ ಮುಚ್ಚಿಸಿ, ಮತ್ತೆ ಕೂಗಿಸಿಕೊಳ್ಳುತ್ತಿದ್ದಿರಂತೆ. ಅದೇನು ಪೂಜೆಯೋ ಪುನಸ್ಕಾರವೋ ಎಂದುಕೊಂಡು ನಮ್ಮ ಹಿರಿಯರು ಹಾಗೇ ಉಳಿಸಿಕೊಂಡರು. ಮೇಲಿನ ರೂಢಿ ಎಂದು ಒಮ್ಮೆ ಬರೆದುಕೊಂಡದ್ದನ್ನು ಸಭೆಯೂ ಮುಟ್ಟುವಂತಿಲ್ಲ. ನಿಮ್ಮ ಸೋಮಾರಿತನ ನಮಗೆ ಶಾಸ್ತ್ರವಾಗಿದೆ.

ನನಗೆ ಮೂರ್ಛೆ ಬರುವುದು ಆ ಹೊತ್ತಿನಲ್ಲೇ. ಮೊದಲ ದೀಪಕ್ಕೆ ಎದ್ದು ಕೂರುತ್ತಲೇ ಭುಜ ಜಗ್ಗುತ್ತದೆ, ಕೈಯಲ್ಲಿದ್ದದ್ದು ಹಾರಿಹೋಗುತ್ತದೆ. ಎರಡನೆಯದಕ್ಕೆ ಇನ್ನೂ ಜೋರಾಗಿ. ಮೂರನೆಯದು ನನಗೆ ಗೊತ್ತಾಗುವುದಿಲ್ಲ. ಎಚ್ಚರಾದಾಗ ನಾಲಿಗೆ ಕಚ್ಚಿಕೊಂಡಿರುತ್ತೇನೆ, ಬಾಯಲ್ಲಿ ರಕ್ತದ ರುಚಿ, ಮೈಯೆಲ್ಲ ಒನಕೆಯಲ್ಲಿ ಕುಟ್ಟಿದಂತೆ ನೋವು, ಎದುರಿಗೆ ಕೂತವಳ ಹೆಸರು ನೆನಪಾಗುವುದಿಲ್ಲ. ವಾರದಲ್ಲಿ ಹೆಚ್ಚು ದಿನ ಹೀಗೇ. ಮಾತ್ರೆ ತಪ್ಪಿಸಿದವಳಲ್ಲ ನಾನು. ಬೆಳಿಗ್ಗೆ, ರಾತ್ರಿ, ಊಟ ಬಿಟ್ಟರೂ ಮಾತ್ರೆ ಬಿಟ್ಟಿಲ್ಲ. ಡಾಕ್ಟರು ಮಾತ್ರೆ ಬದಲಾಯಿಸಿದರು, ಒಂದಕ್ಕೆ ಇನ್ನೊಂದು ಸೇರಿಸಿದರು. ಕೈ ನಡುಗುವುದು ಹೆಚ್ಚಾಯಿತು, ಬೀಳುವುದು ಕಡಿಮೆಯಾಗಲಿಲ್ಲ. ಆದರೂ ನೀರಿನ ಸರದಿಯಲ್ಲಿ ನಿಂತ ಹೆಂಗಸರ ಮಾತು ಕೇಳಿದ್ದೇನೆ. “ಗುಳಿಗಿ ಬರೋಬರಿ ನುಂಗಂಗಿಲ್ಲಕಿ, ನುಂಗಿದ್ರ ಯಾಕ ಬೀಳ್ತಾಳ?” ಈ ಮಾತು ನನ್ನನ್ನು ಸುಡುತ್ತದೆ. ಬಿದ್ದ ನೋವು ಮಧ್ಯಾಹ್ನಕ್ಕೆ ಇಳಿಯುತ್ತದೆ, ಇದು ಇಳಿಯುವುದಿಲ್ಲ.

ಡಾಕ್ಟರು ಒಳ್ಳೆಯವರು. “ಇದು ನಿಂದೂ ತಪ್ಪಲ್ಲವ್ವ, ಗುಳಿಗೀದೂ ತಪ್ಪಲ್ಲ,” ಅಂದರು. “ನಿದ್ದಿ ಹರಕೊಂಡು ಎದ್ದಾಗ ಈ ಬ್ಯಾನಿ ಎದ್ದು ಕೂಡತೈತಿ. ತಾನಾಗಿ ಎಚ್ಚರಾಗೂತನಾ ಮಲಗಾಕ ಬಿಟ್ರ ಅರ್ಧಕ್ಕರ್ಧ ಕಡಿಮಿ ಆಗತೈತಿ.” ಅದನ್ನೇ ಚೀಟಿಯಲ್ಲಿ ಬರೆದುಕೊಡಿ ಎಂದೆ. ಸಭೆಯವರು ಒಪ್ಪುವುದಿಲ್ಲ ಎಂದು ಪೆನ್ನು ಕೆಳಗಿಟ್ಟರು.

ನಿಮ್ಮಿಂದ ಇನ್ನೊಂದೂ ಬಂದಿದೆ, ಕೇಳಿ. ಇಲ್ಲಿ ಯಾವ ಮನೆಗೂ ಬೀಗವಿಲ್ಲ, ಆದರೆ ಪ್ರತಿ ಮನೆಯ ಗೋಡೆಗೂ ಒಂದು ಕಬ್ಬಿಣದ ಬೀಗದಕೈ ನೇತಾಡುತ್ತದೆ. ಮೂರ್ಛೆ ಬಂದವರ ಮುಷ್ಟಿಯಲ್ಲಿ ತುರುಕುವುದಕ್ಕೆ. ಅದರಿಂದ ಒಂದು ಸಲವೂ ಏನೂ ಆದದ್ದಿಲ್ಲ, ನನ್ನ ಅಂಗೈಗೆ ಗಾಯವಾದದ್ದು ಬಿಟ್ಟರೆ. ಅಮರವ್ವ ಕೆಲವು ವರ್ಷಗಳಿಂದ ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದಾಳೆ. ನನ್ನನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ತನ್ನ ಸೆರಗು ಮಡಚಿಟ್ಟು, ಬಾಯಿಗೆ ಏನನ್ನೂ ಹಾಕದೆ ಸುಮ್ಮನೆ ಕೂತಿರುತ್ತಾಳೆ. ಎಚ್ಚರಾದ ಮೇಲೆ ಬೈಯುತ್ತಾಳೆ: “ದಿನಾ ನಂದ ಸೆರಗ ಬೇಕನ ನಿನಗ?” ಆ ಬೈಗುಳ ಕೇಳಿದಾಗಲೇ ನಾನು ಬದುಕಿದ್ದೇನೆಂದು ನನಗೆ ಖಾತ್ರಿ.

ಈಗ ವಿಷಯಕ್ಕೆ ಬರುತ್ತೇನೆ. ನಾಳೆಯಿಂದ ನಮಗೆ ದಿನಕ್ಕೆ ಎರಡು ಬೆಳಗು. ಇಡೀ ರಾತ್ರಿ ಮಲಗಿದರೆ ಕೆಲಸ ಹಿಂದೆ ಬೀಳುತ್ತದೆಂದು ಸಭೆಯವರು ದಿನವನ್ನು ಎರಡಾಗಿ ಸೀಳಿದ್ದಾರೆ: ಎರಡು ಗಿಡ್ಡ ರಾತ್ರಿ, ಎರಡು ಬೆಳಗು, ಎರಡು ಪಾಳಿ. ಜೊತೆಗೆ ಒಂದು ನಿಯಮ. ಒಂದು ಬೆಳಗಿಗೆ ಬಿದ್ದವರನ್ನು ಇಲ್ಲಿಯವರೆಗೆ ಹೇಗೋ ಸಹಿಸಿಕೊಂಡರು. ಒಂದೇ ದಿನದ ಎರಡೂ ಬೆಳಗಿಗೆ ಬಿದ್ದವರನ್ನು ಕತ್ತಲಮಜಲಿಗೆ ಕಳಿಸುತ್ತಾರೆ. ಅದು ಎಲ್ಲಕ್ಕಿಂತ ಕೆಳಗಿನ ಮಜಲು. ಅಲ್ಲಿ ಬೆಳಗು ಕೊಡುವುದೇ ಇಲ್ಲ, ಆದ್ದರಿಂದ ಅಲ್ಲಿ ನಮ್ಮಂಥವರು ಸುಖವಾಗಿರುತ್ತಾರೆಂದು ಸಭೆಯವರು ಹೇಳುತ್ತಾರೆ. ಊಟ ಇಳಿಸುವ ಬುಟ್ಟಿ ಖಾಲಿಯಾಗಿ ಮೇಲೆ ಬರುತ್ತದೆ. ಮನುಷ್ಯರು ಯಾರೂ ಬಂದದ್ದಿಲ್ಲ.

ನನ್ನೊಬ್ಬಳದೇ ಆಗಿದ್ದರೆ ಈ ಓಲೆಯನ್ನು ಮಾವಿನಹಣ್ಣಿನ ಬಗ್ಗೆ ಬರೆಯುತ್ತಿದ್ದೆ. ನಿನ್ನೆ ಮೊದಲ ದೀಪಕ್ಕೆ ಎದ್ದು ಕೂತ ನನ್ನ ಮಗಳು ದ್ಯಾವಿಯ ಕೈಯಿಂದ ಅಂಬಲಿಯ ಲೋಟ ಹಾರಿತು. ಅವಳಿಗೆ ಎಂಟು ವರ್ಷ. ಜಾರಿತು ಅಂದಳು. ಜಾರಿದ ಲೋಟ ಕಾಲಬುಡದಲ್ಲಿ ಬೀಳುತ್ತದೆ, ಇದು ಎದುರಿನ ಗೋಡೆಗೆ ಬಡಿದಿತ್ತು. ಅಮರವ್ವ ನೋಡಿದಳು, ನಾನು ನೋಡಿದೆ. ಅಮರವ್ವ ಗೋಡೆ ಒರೆಸಿದಳು.

ಇವತ್ತು ಬೆಳಿಗ್ಗೆ ಏಳಲು ಶಕ್ತಿ ಬಂದೊಡನೆ ಸಭೆಗೆ ಹೋದೆ. ದ್ಯಾವಿಯ ಹೆಸರೆತ್ತಲಿಲ್ಲ. ಮಲಗಿದವರನ್ನು ಎಬ್ಬಿಸದೆ ಬಿಡುವುದು ಮೇಲಿನ ರೂಢಿಯಾಗಿತ್ತು, ಅದನ್ನೂ ಬರೆದುಕೊಳ್ಳಿ ಎಂದು ಕೇಳಿದೆ. ಅವರು ನಕ್ಕು ಚಿತ್ರಗಳನ್ನು ತೆಗೆಸಿ ತೋರಿಸಿದರು. ನಿಮ್ಮ ಮನೆಗಳ ಬೆಳಗು. ಹೊದಿಕೆ ಎಳೆಯುವ ತಾಯಂದಿರು, ಕಣ್ಣು ಮುಚ್ಚಿಕೊಂಡೇ ಹಲ್ಲುಜ್ಜುವ ಮಕ್ಕಳು, ತೂಕಡಿಸುವ ಹುಡುಗಿಯ ಬಾಯಿಗೆ ಇಡ್ಲಿ ತುರುಕುವ ಅಪ್ಪ, ಹೊರಗೆ ಹಾರನ್ ಹೊಡೆಯುವ ಸ್ಕೂಲ್ ವ್ಯಾನು. ಚಿತ್ರದ ಮೇಲೆ ಚಿತ್ರ. “ಎಲ್ಲೈತಿ ತಂಗಿ ನಿನ್ನ ರೂಢಿ? ಒಂದರ ತೋರಸು, ಈಗಿಂದೀಗ ಬರಕೋತೀವಿ,” ಅಂದರು ಸಭೆಯ ಹಿರಿಯರು. ತೋರಿಸಲು ಒಂದೂ ಇಲ್ಲದೆ ಮನೆಗೆ ಬಂದು ಈ ಓಲೆ ಬರೆಯಲು ಕೂತೆ.

ಬಿಸಿಲು ಕಾಣುವ ಹಿರಿಯರೇ, ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೂ ಸೆರಗೊಡ್ಡಿ ಬೇಡುತ್ತೇನೆ. ನಿಮ್ಮಲ್ಲಿ ಯಾರಾದರೂ ಒಬ್ಬರು, ಯಾವುದಾದರೂ ಒಂದು ಮನೆಯಲ್ಲಿ, ಮಗುವನ್ನು ತಾನಾಗಿ ಎಚ್ಚರಾಗುವವರೆಗೂ ಮಲಗಲು ಬಿಡಿ. ಬಿಸಿಲು ಹಾಸಿಗೆಯವರೆಗೆ ಬರಲಿ. ಕಸ ಗುಡಿಸುವವರು ಗುಡಿಸುತ್ತಿರಲಿ, ಒಗ್ಗರಣೆ ಹಾಕುವವರು ಹಾಕಲಿ, ಮಗು ಮಾತ್ರ ಮಲಗಿರಲಿ. ಅದರ ಒಂದು ಚಿತ್ರ ತೆಗೆದಿಡಿ. ಊಟದ ತಟ್ಟೆಯನ್ನೂ ಬಿಡದೆ ಚಿತ್ರ ತೆಗೆದವರು ನೀವು, ಇದು ನಿಮಗೆ ಭಾರವಾಗದು. ಆ ಮನೆಯಲ್ಲಿ ನನ್ನಂತೆ ಬೆಳಿಗ್ಗೆ ಬೀಳುವವರಿದ್ದರೆ ಅವರಿಗೂ ನನ್ನದೊಂದು ಮಾತು ಮುಟ್ಟಿಸಿ: ಮಾತ್ರೆ ಬಿಡಬೇಡಿ, ಮಾತ್ರೆ ನುಂಗಿಯೂ ಬಿದ್ದರೆ ಅದು ನಿಮ್ಮ ತಪ್ಪಲ್ಲ.

ಓಲೆ ಹಾಕಿದ ಗಳಿಗೆಯಲ್ಲೇ ಅದು ನಿಮ್ಮನ್ನು ಮುಟ್ಟಿರುತ್ತದೆ ಎನ್ನುತ್ತಾರೆ. ಹಾಗಾಗಿ ಮೇಲಿನದನ್ನೆಲ್ಲ ಬರೆದು, ಹಿಂದೋಲೆಯ ಪೆಟ್ಟಿಗೆಗೆ ಹಾಕಿ, ಅಲ್ಲಿಂದ ನೇರವಾಗಿ ಚಿತ್ರಶಾಲೆಗೆ ಹೋದೆ. ಅಮರವ್ವನೂ ಬಂದಳು. ದೀಪ ಆರುವ ಸಮಯವಾಯಿತೆಂದು ಅಲ್ಲಿನವರು ಹೊರಗೆ ಕಳಿಸುವವರೆಗೆ ನೋಡಿದೆವು. ಪೆಟ್ಟಿಗೆ ಇನ್ನೂ ಮುಚ್ಚಿರಲಿಲ್ಲ, ಓಲೆಯನ್ನು ಹೊರತೆಗೆದು ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ.

ಗುರೆಳ್ಳಿನ ಮುದುಕಿ ಇದ್ದಾಳೆ. ವ್ಯಾನು ಇದೆ, ಇಡ್ಲಿ ಇದೆ. ಮಲಗಿರುವ ಮಗು ಇಲ್ಲ.

ಮನೆಯಲ್ಲಿ ದ್ಯಾವಿ ಮಲಗಿದ್ದಾಳೆ. ನಾಳೆ ಅಂಬಲಿಯನ್ನು ನಾನೇ ಕುಡಿಸುತ್ತೇನೆ, ಅವಳ ಕೈಗೆ ಲೋಟ ಕೊಡುವುದಿಲ್ಲ. ಎರಡನೇ ಬೆಳಗಿನ ಅಂಬಲಿ ಮಾತ್ರ ಶಾಲೆಯಲ್ಲಂತೆ, ಎಲ್ಲರ ಎದುರಿಗೆ.