ಅಪರೂಪದ ಗಂಟು, ಅಕ್ಕನ ಎಡಗಿವಿ

ಆಸ್ಪತ್ರೆಯ ಪರೀಕ್ಷಾ ಅನುಮತಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ‘ಕಾಯಿಲೆ ಅಪರೂಪದ್ದು, ಪರೀಕ್ಷೆ ಪಟ್ಟಿಯಲ್ಲಿಲ್ಲ’ ಎಂದು ನೀವು ಗೀಚಿದ ಒಂದೇ ಸಾಲಿನಿಂದಾಗಿ ನನ್ನ ಅಕ್ಕ ಏನೂ ತಿಳಿಯದೆ ತನ್ನ ಎಡಗಿವಿಯನ್ನು ಪಣಕ್ಕಿಟ್ಟಳು. ಅಭಿನಂದನೆಗಳು. ನಿಮ್ಮ ಪಟ್ಟಿ ಮಾತ್ರ ಒಂದಿಷ್ಟೂ ಕೆಡದೆ ಉಳಿದಿದೆ.

ಅಕ್ಕ ವಾದ್ಯ ರಿಪೇರಿ ಅಂಗಡಿಯೊಂದರಲ್ಲಿ ಪಿಯಾನೊಗಳಿಗೆ ಶ್ರುತಿ ಕೂಡಿಸುವವಳು. ಅದೇ ಅಂಗಡಿಯಲ್ಲಿ ನಾನು ಬಿರುಕು ಬಿಟ್ಟ ಮರಕ್ಕೆ ಅಂಟು ಹಾಕುವವನು. ಅವಳ ಎಡಗಿವಿಯ ಕೆಳಗೆ, ಜೊಲ್ಲುಗ್ರಂಥಿಯಲ್ಲಿ, ಕ್ಯಾನ್ಸರ್ ಗಂಟು ಎದ್ದಿತು. ಕೊಯ್ದು ತೆಗೆದರು. ಗಂಟನ್ನು ಪರೀಕ್ಷಿಸಿದ ಡಾಕ್ಟರಮ್ಮ, ಇದು ಪೂರ್ತಿ ಸಾಧುವೂ ಅಲ್ಲ, ಪೂರ್ತಿ ಕ್ರೂರಿಯೂ ಅಲ್ಲ, ನಡುವಿನದು ಎಂದರು. ಇಂಥ ಕೆಲವು ಗಂಟುಗಳಲ್ಲಿ ಎರಡು ಜೀನುಗಳು ತುಂಡಾಗಿ ಒಂದಕ್ಕೊಂದು ಬೆಸೆದುಕೊಂಡಿರುತ್ತವಂತೆ. ಆ ಗುರುತು ಇದ್ದರೆ ಕಾಯಿಲೆ ಮರುಕಳಿಸುವ ಭಯ ಸಾಮಾನ್ಯವಾಗಿ ಕಡಿಮೆ, ವಿಕಿರಣ ಚಿಕಿತ್ಸೆ ಬಿಟ್ಟು ಕಾದು ನೋಡುವ ಬಗ್ಗೆ ಯೋಚಿಸಬಹುದು. ಇಲ್ಲದಿದ್ದರೆ ವಿಕಿರಣವೇ ಜಾಣತನ. ಆದರೆ ಅದು ಹಾದುಹೋಗುವುದು ಕಿವಿಯ ಪಕ್ಕದಲ್ಲೇ, ಕೇಳುವ ಶಕ್ತಿ ಕುಂದಬಹುದು.

“ಖಚಿತ ಅಂತ ಹೇಳಲ್ಲಮ್ಮ,” ಎಂದರು ಡಾಕ್ಟರಮ್ಮ. “ಆದ್ರೆ ಗೊತ್ತಿದ್ರೆ ನೀವೇ ಯೋಚ್ನೆ ಮಾಡಿ ತೀರ್ಮಾನ ಮಾಡ್ಬಹುದು.”

ಆ ಗುರುತು ಹುಡುಕುವ ಪರೀಕ್ಷೆಯ ಯಂತ್ರ ನಿಮ್ಮ ಕಟ್ಟಡದ ನೆಲಮಾಳಿಗೆಯಲ್ಲೇ ಇದೆ. ಬೇಕಿದ್ದದ್ದು ನಿಮ್ಮ ಸಹಿ. ಇಂಥ ರೋಗಿಗಳ ಸಂಖ್ಯೆ ಸಾಲದು ಎಂದಿರಿ. ಹಾಗಾದರೆ ಅಕ್ಕ ಬೀದಿಗಿಳಿದು ಜೊತೆಗಾರರನ್ನು ಕೂಡಿಸಿಕೊಂಡು ಬರಬೇಕಿತ್ತೇ? ಗಂಟು ಏಳುವ ಮೊದಲು ನಿಮ್ಮ ಪಟ್ಟಿ ನೋಡಿಕೊಂಡು ಏಳಬೇಕಿತ್ತೇ? ನಿಮ್ಮನ್ನು ಕಾಣಲು ಬಂದು ಕಾರಿಡಾರಿನ ಬೆಂಚಿನಲ್ಲಿ ಕುಳಿತೆ. ಸಾಹೇಬರು ಸಭೆಯಲ್ಲಿದ್ದಾರೆ ಎಂದರು ನಿಮ್ಮ ಸಹಾಯಕರು. ಯಾವ ಸಭೆ ಎಂದು ಕೇಳಿದೆ. ರೋಗಿಗಳ ಅಹವಾಲು ಆಲಿಸುವ ಬಗೆಯ ಕುರಿತ ಸಭೆಯಂತೆ.

ವಿಕಿರಣವನ್ನು ಇನ್ನು ಮುಂದೂಡುವಂತಿರಲಿಲ್ಲ. ಕೊಡಿಸಿದೆವು. ಅದು ಮುಗಿದ ಕೆಲವು ತಿಂಗಳಿಗೆ ಅಕ್ಕ ಪಿಯಾನೊದ ಬಲತುದಿಯ, ತೀರ ಮೇಲಿನ ಸ್ವರಗಳ ಮನೆಗಳನ್ನು ಒತ್ತುತ್ತಾ, ಒಮ್ಮೆ ಆ ಕಿವಿ, ಒಮ್ಮೆ ಈ ಕಿವಿ ಮುಚ್ಚಿಕೊಳ್ಳುತ್ತಾ ಕುಳಿತಿದ್ದಳು. ಬಲಗಿವಿ ಮುಚ್ಚಿದಾಗಲೆಲ್ಲ ಅದೇ ಮನೆಯನ್ನು ಮತ್ತೆ ಮತ್ತೆ, ಇನ್ನೂ ಜೋರಾಗಿ ಒತ್ತುತ್ತಿದ್ದಳು.

ಆಮೇಲೆ ಬಂತು ನಿಮ್ಮ ಅನುಮತಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಪರೀಕ್ಷೆ ನಡೆಯಿತು. ಗುರುತು ಇರಲಿಲ್ಲ.

‘ನೋಡಿದಿರಾ, ವಿಕಿರಣ ಕೊಟ್ಟದ್ದೇ ಸರಿಯಾಯಿತು’ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡು ಅಕ್ಕನಿಗೆ ಸಮಾಧಾನ ಹೇಳಹೋದೆ. ಅವಳು ತಂತಿ ಬಿಗಿಸುತ್ತಿದ್ದ ಕೈ ನಿಲ್ಲಿಸಿದಳು.

“ಮೊದ್ಲೇ ಹೇಳಿದ್ರೆ ಈ ಕಿವೀನ ನಾನೇ ಕೊಡ್ತಿದ್ದೆ ಕಣೋ. ಇವರು ಕಿತ್ಕೊಂಡ್ರು.”

ಕುರುಡಾಗಿ ಎಸೆದ ಕಲ್ಲು ಗುರಿಗೆ ಬಿದ್ದ ಮಾತ್ರಕ್ಕೆ ಎಸೆದವನು ಗುರಿಗಾರನಾಗುವುದಿಲ್ಲ, ಮಾನ್ಯರೇ.

ಅಕ್ಕ ಇದ್ದ ವಾರ್ಡಿನಲ್ಲೇ ಈಗ ಬಸ್ ಚಾಲಕರೊಬ್ಬರು ಇದೇ ಗಂಟು ತೆಗೆಸಿಕೊಂಡು, ಇದೇ ಸಹಿಗಾಗಿ ಕಾಯುತ್ತಿದ್ದಾರೆ. ಅವರೂ ಅಪರೂಪದವರೇ. ಇವತ್ತೇ ಸಹಿ ಹಾಕಿ.

ಇಂತಿ,
ಇನ್ನು ಮುಂದೆ ಅಕ್ಕನ ಬಲಗಡೆಗೇ ನಿಂತು ಮಾತನಾಡಬೇಕಾದ ತಮ್ಮ